ಅಂಗಳಕ್ಕೆ ಬಾರದ ಉತ್ತರ

ಮರಾಠವಾಡದ ಗಡಿಯ ಊರು ತುರೋರಿಯ ಜಯಮಾಲಾಗೆ ಒಳಗೊಳಗೆ ನಗು ಬಂದಷ್ಟೂ ಮುಖ ಗಂಭೀರವಾಗುತ್ತದೆ. ಇದು ಹುಟ್ಟುಗುಣ. ತವರೂರು ವಲಾಂಡಿಯ ಶಾಲೆಯಲ್ಲಿ ಮಾಸ್ತರರ ಟೋಪಿಯೊಳಗೆ ಯಾರೋ ಹಿಡಿ ತುಂಬ ತುರುಚಿ ಎಲೆ ತುಂಬಿದಾಗ, ಎಲ್ಲರಿಗಿಂತ ಹೆಚ್ಚು ಮರುಗಿದ ಮುಖ ಅವಳದೇ ಆಗಿತ್ತು. ಅದಕ್ಕೇ ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕಿವಿ ಹಿಡಿದು ನಿಂತರು. ಉದಗೀರದಲ್ಲಿ ಕಂಪ್ಯೂಟರ್ ಓದಿದಳು, ನೀಲೇಶನನ್ನು ಮದುವೆಯಾಗಿ ತುರೋರಿಗೆ ಬಂದಳು, ಗುಣ ಜೊತೆಗೇ ಬಂತು. ಹೆದ್ದಾರಿಯ ಬದಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ನೀಲೇಶ ಈಗ ಒಂದು ಪಾಠ ಕಲಿತಿದ್ದಾನೆ: ಹೆಂಡತಿ ಮುಖ ಬಿಗಿದುಕೊಂಡು ಚಹಾ ತಂದರೆ ಮೊದಲು ಕಪ್ಪಿನೊಳಗೆ ಇಣುಕಿ ನೋಡಬೇಕು, ಆಮೇಲೆ ಕುಡಿಯಬೇಕು.

ಉಮರ್ಗಾದ ಒಂದು ಸಣ್ಣ ಕಾಲೇಜಿನಲ್ಲಿ ಅವಳು ಜಾವಾ ಕಲಿಸುತ್ತಾಳೆ. ಕಾಯಂ ನೌಕರಿಯಲ್ಲ, ತಾಸಿನ ಲೆಕ್ಕದ್ದು. ತಾಸು ಇದ್ದರೆ ಮ್ಯಾಡಂ, ಇಲ್ಲದಿದ್ದರೆ ಮನೆ. ಅವಳಿಗಿದ್ದದ್ದು ಜಾವಾದ ತಾಸುಗಳು ಮಾತ್ರ. ಬೆಳಗಿನ ಎಸ್‌ಟಿ ಬಸ್ಸಿನಲ್ಲಿ ಲಾರಿಗಳ ಹೊಗೆ ಕುಡಿಯುತ್ತ ಹೋಗುವಾಗ, ತೊಗರಿ ಕೊಯ್ದು ಬೋಳಾದ ಹೊಲಗಳ ಮೇಲೆ ಬಿಸಿಲು ಏರುವುದನ್ನು ನೋಡುತ್ತ, ಅವಳು ಆ ದಿನದ ಪಾಠವನ್ನು ತುಟಿಯೊಳಗೇ ಒಮ್ಮೆ ಹೇಳಿಕೊಳ್ಳುತ್ತಿದ್ದಳು. ಅದು ಅವಳ ದಿನದ ಚಂದದ ಹೊತ್ತು.

ಆ ಕಾಲೇಜಿನಲ್ಲಿ ಅವಳು ತನ್ನ ಕೈಯಾರೆ ಮಾಡಿದ ಒಂದು ವಸ್ತುವಿತ್ತು. ವಿದ್ಯಾರ್ಥಿಗಳು ಅದನ್ನು ತಪಾಸಣೀಸ ಕಾಕಾ, ಅಂದರೆ ತಪಾಸಣೆ ಮಾಡುವ ಚಿಕ್ಕಪ್ಪ, ಎಂದು ಕರೆಯುತ್ತಿದ್ದರು. ಕಾಕಾ ಅಂದರೆ ಒಂದು ಜಾವಾ ಪ್ರೋಗ್ರಾಂ. ಅದೇ ತಾಸುಗಳಲ್ಲಿ ಅವಳು ಜಾವಾಸ್ಕ್ರಿಪ್ಟನ್ನೂ ಕಲಿಸುತ್ತಿದ್ದಳು, ಮಕ್ಕಳು ಲೆಕ್ಕ ಬರೆದುಕೊಡುವುದು ಅದರಲ್ಲಿ. ಹೆಸರು ಕೇಳಿದರೆ ಅಣ್ಣ ತಮ್ಮ ಅನ್ನಿಸುತ್ತದೆ, ಆದರೆ ಅವೆರಡು ಬೇರೆ ಬೇರೆ ಮನೆತನದ ಭಾಷೆಗಳು, ಒಂದರ ಮಾತು ಇನ್ನೊಂದಕ್ಕೆ ತಿಳಿಯುವುದಿಲ್ಲ. ಜಯಮಾಲಾ ಕಾಕಾನ ಹೊಟ್ಟೆಯೊಳಗೆ ಜಾವಾಸ್ಕ್ರಿಪ್ಟ್ ಬಲ್ಲ ಒಂದು ಯಂತ್ರವನ್ನು ಕೂರಿಸಿದ್ದಳು. ವಿದ್ಯಾರ್ಥಿಯ ಬರಹವನ್ನು ಆ ಯಂತ್ರ ಓಡಿಸುತ್ತದೆ. ಓಡಿದ ಮೇಲೆ ಕಾಕಾ ಕೇಳುತ್ತಾನೆ: ‘ಉತ್ತರ’ ಎಂಬ ಹೆಸರಿನ ವೇರಿಯೇಬಲ್ಲಿನಲ್ಲಿ ಈಗ ಏನಿದೆ? ಅದರಲ್ಲಿದ್ದದ್ದು ಕೈಗೆ ಬರುತ್ತದೆ. ಸರಿಯಿದ್ದರೆ ಅಂಕ, ತಪ್ಪಿದ್ದರೆ ಸೊನ್ನೆ. ಇಡೀ ತರಗತಿಯ ಕೆಲಸ ಒಂದು ಕಪ್ಪು ಚಹಾ ಮುಗಿಯುವುದರೊಳಗೆ ತಪಾಸಣೆಯಾಗುತ್ತಿತ್ತು.

ಒಂದು ವರ್ಷ ಕಾಕಾ ತಪ್ಪಿಲ್ಲದೆ ನಡೆದ. ಆಮೇಲೆ ಜಯಮಾಲಾ ಫಂಕ್ಷನ್ ಪಾಠ ಮಾಡಿದಳು.

“ನೋಡ್ರಿ,” ಎಂದಿದ್ದಳು ತರಗತಿಯಲ್ಲಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, “ನೀವು ನಿಮ್ಮ ವೇರಿಯೇಬಲ್ ಎಲ್ಲಾ ಅಂಗಳದಾಗ ಸಂಡಿಗಿ ಒಣಗಾಕದಂಗ ಒಣಗಾಕ್ತೀರಿ. ಹಾದಿಲೆ ಹೋಗೋ ಆಡು ಬಂದು ಬಾಯಿ ಹಾಕ್ತದ. ಒಳಗ ಇಡ್ರಿ. ಫಂಕ್ಷನ್ ಅಂದ್ರ ಮನಿ. ಮನಿ ಸಾಮಾನು ಮನಿಯೊಳಗ ಇರ್ಬೇಕು.”

ಮಕ್ಕಳು ಒಳ್ಳೆಯ ಮಕ್ಕಳು. ಎಲ್ಲರೂ ಹೇಳಿದಂತೆ ಮಾಡಿದರು. ‘ಲೆಕ್ಕ’ ಎಂಬ ಒಂದೊಂದು ಫಂಕ್ಷನ್ ಕಟ್ಟಿ, ‘ಉತ್ತರ’ವನ್ನು ಅದರೊಳಗೆ ಇಟ್ಟು, ಬಾಗಿಲು ಹಾಕಿದರು.

ಅದೇ ವಾರ, ಕಾಕಾ ಕೊಟ್ಟ ಅಂಕಗಳನ್ನೇ ಈ ಸಲದ ಒಳಪರೀಕ್ಷೆಗೆ ಹಿಡಿಯಬೇಕೆಂದು ಕೇಳಿ ಜಯಮಾಲಾ ಪ್ರಾಚಾರ್ಯ ಗುರುಶಾಂತರನ್ನು ಹೊಸ ಲ್ಯಾಬಿಗೆ ಕರೆತಂದಳು. ಗುರುಶಾಂತರು ಒಳ್ಳೆಯ ಮನುಷ್ಯ, ಆದರೆ ಎರಡು ವಿಷಯದಲ್ಲಿ ಸೂಕ್ಷ್ಮ. ಒಂದು, ಕಾಲೇಜಿನ ಹೆಸರು. ಇನ್ನೊಂದು, ತಮ್ಮ ಕೂದಲು. ಪ್ರತಿ ಆದಿತವಾರ ಅವರು ಕೂದಲಿಗೆ ಬಣ್ಣ ಹಚ್ಚುತ್ತಿದ್ದರು. ಸೋಮವಾರ ಅದು ಕಾಗೆಯ ರೆಕ್ಕೆಯಂತೆ ಹೊಳೆಯುತ್ತಿತ್ತು, ವಾರ ಕಳೆದ ಹಾಗೆ ಕಿವಿಯ ಹತ್ತಿರ ಬಣ್ಣ ಬಿಟ್ಟು ಕೆಂಪಗಾಗುತ್ತ ಬರುತ್ತಿತ್ತು. ಕಾಲೇಜಿನಲ್ಲಿ ಇದನ್ನು ನೋಡದವರಿಲ್ಲ, ಮಾತೆತ್ತಿದವರೂ ಇಲ್ಲ.

ಪರದೆಯ ಮೇಲೆ ಹೆಸರುಗಳು ಒಂದರ ಕೆಳಗೊಂದು ಬಂದವು. ಪ್ರತಿ ಹೆಸರಿನ ಮುಂದೆ ಒಂದೇ ಮಾತು: ಉತ್ತರ ನಲ್, ಅಂಕ ಸೊನ್ನೆ. ನಲ್ ಅಂದರೆ ಏನೂ ಇಲ್ಲ.

“ಮ್ಯಾಡಂ, ನಂದು ಬರೋಬರಿ ಅದರೀ!” ಎಂದಳು ತರಗತಿಯ ಜಾಣೆ ಮನೀಷಾ, ಕಣ್ಣು ತುಂಬಿಕೊಂಡು. “ನಾ ಮನ್ಯಾಗ ಓಡ್ಸಿ ನೋಡೀನಿ.”

“ಎಲ್ಲಾರಿಗೂ ಸೊನ್ನೀ?” ಎಂದರು ಗುರುಶಾಂತರು. “ಹಿಂಗ ಅಂಕ ಕೊಟ್ರ ನಾಳಿ ಪಾಲಕರು ನನ್ನ ಕೊಳ್ಳಿಗೆ ಬೀಳ್ತಾರ, ಮ್ಯಾಡಂ.”

ಅಷ್ಟರಲ್ಲಿ ಹಿಂದಿನಿಂದ ರವಿಕಾಂತ ಸರ್ ಮುಂದೆ ಬಂದರು. ಅವರು ಕಾಯಂ ಅಧ್ಯಾಪಕರು, ನೆಟ್‌ವರ್ಕ್ ಕಲಿಸುವವರು. ಹೊಸ ಲ್ಯಾಬಿಗೆ ಎಸಿ ಕೂರಿಸಿದ ದಿನದಿಂದ ಅವರಿಗೆ ಜಾವಾದ ಮೇಲೆ ಪ್ರೀತಿ ಹುಟ್ಟಿತ್ತು, ಏಕೆಂದರೆ ಮಧ್ಯಾಹ್ನದ ಜಾವಾ ತಾಸುಗಳು ನಡೆಯುವುದು ಅಲ್ಲಿಯೇ. ನೆಟ್‌ವರ್ಕಿನ ತಾಸು ತಗಡಿನ ಮಾಡಿನ ಕೋಣೆಯಲ್ಲಿ.

“ಸರ್, ಇದು ಮಕ್ಕಳ ತಪ್ಪಲ್ಲ,” ಎಂದರು ರವಿಕಾಂತ. “ನಾನೂ ಅದೇ ಲೆಕ್ಕ ಬರ್ದೀನಿ. ನಂದು ಹಾಕಿ ನೋಡ್ರಿ.” ತಮ್ಮ ಪೆನ್‌ಡ್ರೈವ್ ತಾವೇ ಚುಚ್ಚಿದರು.

ರವಿಕಾಂತ: ಉತ್ತರ ನಲ್, ಅಂಕ ಸೊನ್ನೆ.

“ನೋಡಿದ್ರ್ಯಾ? ನಂಗೂ ಸೊನ್ನಿ!” ಎಂದು ಅವರು ಬಹಳ ಸಂತೋಷದಿಂದ ಕೈ ಚೆಲ್ಲಿದರು. ಬಾಗಿಲ ಬಳಿ ನಿಂತಿದ್ದ ಇಬ್ಬರು ಗುಮಾಸ್ತರು ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಹೊರಗೆ ಹೋದರು. ಸೊನ್ನೆಗೆ ಅಷ್ಟು ನಗು ಯಾಕೆ ಎಂದು ಜಯಮಾಲಾಗೆ ಆಗ ಹೊಳೆಯಲಿಲ್ಲ.

ಗುರುಶಾಂತರು ಹೊರಡುವಾಗ ಮೆಲ್ಲಗೆ ಹೇಳಿದರು, “ಶನಿವಾರ ಮತ್ತ ಬರ್ತೀನಿ, ಮ್ಯಾಡಂ. ಆಗೂ ಹಿಂಗೇ ಇದ್ರ, ಜಾವಾ ರವಿಕಾಂತವ್ರಿಗಿ ಕೊಡ್ತೀನಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಜಾವಾ ಹೋದರೆ ತಾಸು ಹೋಯಿತು, ತಾಸು ಹೋದರೆ ಬೆಳಗಿನ ಬಸ್ಸೂ ಹೋಯಿತು. ಅಂದು ಜಯಮಾಲಾಳ ಮುಖ ನಿಜವಾಗಿಯೇ ಗಂಭೀರವಾಗಿತ್ತು. ನೀಲೇಶ ಅಭ್ಯಾಸದಂತೆ ಚಹಾದ ಕಪ್ಪಿನೊಳಗೆ ಇಣುಕಿದ. ಚಹಾ ಬರೀ ಚಹಾ ಆಗಿತ್ತು. ಅವನಿಗೆ ಹೆದರಿಕೆಯಾಯಿತು.

ಕಾಕಾನಿಗೆ ಏನಾಗಿದೆಯೆಂದು ಅವಳಿಗೆ ತಿಳಿದಿತ್ತು. ಅವನು ಅಂಗಳದಲ್ಲಿ ನಿಂತು ‘ಉತ್ತರಾ, ಏ ಉತ್ತರಾ’ ಎಂದು ಕೂಗುತ್ತಿದ್ದಾನೆ. ಉತ್ತರ ಮನೆಯೊಳಗಿದೆ. ಒಳಗಿನ ಹೆಸರು ಹೊರಗಿನವರಿಗೆ ಗೊತ್ತಾಗಬಾರದೆಂಬುದೇ ಆ ಮನೆಯ ಕಟ್ಟಳೆ, ಅದನ್ನು ಕಲಿಸಿದವಳೂ ತಾನೇ. ಮಕ್ಕಳಿಗೆ ಮತ್ತೆ ಎಲ್ಲವನ್ನೂ ಅಂಗಳಕ್ಕೆ ತನ್ನಿರೆಂದು ಹೇಳಿದರೆ ಕಾಕಾ ಬದುಕುತ್ತಾನೆ, ಪಾಠ ಸಾಯುತ್ತದೆ. ಗೋಡೆ ಒಡೆಯದೆ ಒಳಗಿನದನ್ನು ಹೊರಗೆ ತರುವುದು ಹೇಗೆ? ಎರಡು ದಿನ ಅವಳು ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಕೂಗಿಸಿ ನೋಡಿದಳು. ನಲ್. ನಲ್. ನಲ್.

ಗುರುವಾರ ಸಂಜೆ ಅಡುಗೆಮನೆಯಲ್ಲಿ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆಯ ಮೊಬೈಲ್ ಬಡಿದುಕೊಂಡಿತು. ಅತ್ತೆ ಕಸ್ತೂರಬಾಯಿಯ ತವರು ನಿಲಂಗಾ. ಅಲ್ಲಿ ನಡೆಯಲಿದ್ದ ಒಂದು ಕಣ್ಣಿನ ಶಿಬಿರಕ್ಕೆ ಅವಳು ಹೆಸರು ಹೇಳಿಸಿದ್ದಳು. ಕಣ್ಣು ಮಂಜಾದ್ದರಿಂದ ಫೋನನ್ನು ಜೋರು ದನಿಗೆ ಹಾಕಿ, ರೊಟ್ಟಿಯ ಬುಟ್ಟಿಯ ಪಕ್ಕದಲ್ಲಿಟ್ಟುಕೊಂಡೇ ಮಾತಾಡುತ್ತಿದ್ದಳು.

“ಆಜಿ, ನಿಮ್ಮ ಪೂರ್ಣ ಹೆಸರು ಹೇಳಿ,” ಎಂದಳು ಆ ಕಡೆಯ ಹುಡುಗಿ ಮರಾಠಿಯಲ್ಲಿ.

ಆ ಸೀಮೆಯಲ್ಲಿ ಪೂರ್ಣ ಹೆಸರೆಂದರೆ ತನ್ನ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಕಸ್ತೂರಬಾಯಿ ಮೊದಲನೆಯದನ್ನೂ ಕೊನೆಯದನ್ನೂ ಹೇಳಿ ಸುಮ್ಮನಾದಳು. ಗಂಡನ ಹೆಸರನ್ನು ಅವಳು ಮದುವೆಯಾದಾಗಿನಿಂದ ಬಾಯಿಬಿಟ್ಟು ಹೇಳಿದವಳಲ್ಲ.

“ನಡುವಿನದು, ಆಜಿ?”

“ನಮ್ಮ ನೀಲೇಶನ ಅಪ್ಪಾ,” ಎಂದಳು ಕಸ್ತೂರಬಾಯಿ, ಅದನ್ನೇ ಮರಾಠಿಯಲ್ಲಿ.

“ನೀಲೇಶನ ಅಪ್ಪನ ಹೆಸರೇನು?”

“ಇಲ್ಲೇ ಅಂಗಳದಾಗ ಕುಂತಾರಲ್ಲಾ.”

ಹುಡುಗಿ ನಿಟ್ಟುಸಿರು ಬಿಟ್ಟದ್ದು ತುರೋರಿಯವರೆಗೂ ಕೇಳಿಸಿತು. ಕಸ್ತೂರಬಾಯಿ ಸೊಸೆಯ ಕಡೆ ಸನ್ನೆ ಮಾಡಿದಳು, ನೀ ಹೇಳು ಎಂದು. ಜಯಮಾಲಾ ಎರಡೂ ಕೈಯ ಹಿಟ್ಟನ್ನು ಎತ್ತಿ ತೋರಿಸಿ, ಬಹಳ ಮರುಕದ ಮುಖ ಮಾಡಿದಳು. ಮಾತಾಡಲು ಕೈ ಯಾಕೆ ಬೇಕೆಂದು ಕಸ್ತೂರಬಾಯಿಗೆ ಹೊಳೆಯುವಷ್ಟರಲ್ಲಿ ಹುಡುಗಿ ಮತ್ತೆ, “ಹೆಸರಿಲ್ಲದಿದ್ದರೆ ನಂಬರ್ ಬರುವುದಿಲ್ಲ ಆಜಿ,” ಎಂದಳು.

“ಛೀ, ಬಾಯಿ ಸತ್ತದೇನ ನಿಂದು!” ಎಂದು ಸೊಸೆಯನ್ನು ಬೈದು, ಕಸ್ತೂರಬಾಯಿ ಸೆರಗು ಸರಿ ಮಾಡಿಕೊಂಡಳು. ಗಂಟಲು ಸರಿ ಮಾಡಿಕೊಂಡಳು. ಮದುವೆಯ ಮನೆಯಲ್ಲಿ ಹೊಸ್ತಿಲು ತಡೆದವರ ಮುಂದೆ ಹೇಳುವ ಹಾಗೆ, ರಾಗ ಎಳೆದು, ಗಂಡನ ಹೆಸರು ಸೇರಿಸಿ ಕಟ್ಟಿದ ಒಡಪನ್ನು ಕನ್ನಡದಲ್ಲಿ ಹಾಕಿದಳು:

“ಹಂಡೇದಾಗ ನೀರ, ನೀರಾಗ ಚಂದ್ರ,
ಹೊಲಕ್ಕ ಹೊಂಟಾರ ನೋಡ್ರವ್ವಾ ವೀರಭದ್ರ.”

ಆ ಕಡೆಯ ಹುಡುಗಿ ಕೊನೆಯ ಮಾತನ್ನು ಮೆಲ್ಲಗೆ ತಾನೇ ಹೇಳಿಕೊಂಡಳು. ಆಮೇಲೆ ನಗು. “ವೀರಭದ್ರ! ಬರೋಬರ್ ನಾ, ಆಜಿ? ಉಳಿದದ್ದೇನೂ ತಿಳೀಲಿಲ್ಲ, ಹೆಸರು ಸಿಕ್ಕಿತು.”

ಜಯಮಾಲಾಳ ಕೈಯಲ್ಲಿ ರೊಟ್ಟಿ ಹಾಗೆಯೇ ನಿಂತಿತು. ತವೆಯ ಮೇಲಿನದು ಕರ್ರಗಾಯಿತು.

“ಅತ್ಯಾ,” ಎಂದಳು ಮೆಲ್ಲಗೆ, “ಹೆಸರು ಕೇಳಿದ್ರ ಬರಂಗಿಲ್ಲ. ಒಡಪು ಕೇಳ್ಬೇಕು.”

“ಇಷ್ಟ ದಿನಾ ಗೊತ್ತಿರ್ಲಿಲ್ಲೇನ ನಿನಗ? ರೊಟ್ಟಿ ನೋಡು, ಹೊತ್ಲತ್ತದ!”

ಕಾಕಾ ಕೇಳಬೇಕಾದದ್ದು ‘ಉತ್ತರ’ವನ್ನಲ್ಲ. ‘ಲೆಕ್ಕ’ ಎಂಬ ಫಂಕ್ಷನ್ನನ್ನು ಕರೆದು, ನೀನು ಹೇಳುವುದನ್ನು ನಿನ್ನ ಭಾಷೆಯಲ್ಲಿ ನೀನೇ ಹೇಳು ಎನ್ನಬೇಕು. ಅದು ಒಳಗೆ ಏನು ಮಾಡಿತು ಎಂಬುದು ಅವನಿಗೆ ತಿಳಿಯಬೇಕಿಲ್ಲ. ಹೇಳಿ ಮುಗಿಸಿದಾಗ ಅದು ತಾನೇ ಬಾಗಿಲು ತೆರೆದು ಉತ್ತರವನ್ನು ಕೈಗೆ ಕೊಡುತ್ತದೆ. ಇದು ಪುಸ್ತಕದಲ್ಲೂ ಇತ್ತು, ಅವಳೇ ಓದಿದ್ದ ಪುಟದಲ್ಲಿ. ಆದರೆ ಹಿಡಿದ ಹಟದಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ.

ಶುಕ್ರವಾರ ತಾಸು ಶುರುವಾಗುವ ಮೊದಲು ಅವಳು ಲ್ಯಾಬಿನಲ್ಲಿ ಒಬ್ಬಳೇ ಕುಳಿತು ಕಾಕಾನಿಗೆ ಆ ಸಾಲನ್ನು ಕಲಿಸಿದಳು. ಮನೀಷಾಳ ಫೈಲ್ ಹಾಕಿದಳು. ಉತ್ತರ ಬಂತು, ಪೂರ್ತಿ ಅಂಕ. ಎಸಿಯ ಸದ್ದಿನಲ್ಲಿ ಅವಳು ಒಂದು ಸಲ ಚಪ್ಪಾಳೆ ತಟ್ಟಿಕೊಂಡಳು. ಉಳಿದವರದ್ದೂ ಬಂದವು, ಸರಿಯಾದವು ಸರಿಯಾಗಿ, ತಪ್ಪಾದವು ತಪ್ಪಾಗಿ. ಕೊನೆಗೆ, ಅಲ್ಲೇ ಚುಚ್ಚಿ ಬಿಟ್ಟುಹೋಗಿದ್ದ ಪೆನ್‌ಡ್ರೈವಿನಿಂದ ರವಿಕಾಂತ ಸರ್ ಅವರ ಫೈಲ್ ಹಾಕಿದಳು.

ಪರದೆಯ ಮೇಲೆ ಉತ್ತರವಾಗಿ ಬಂದದ್ದು ಅಂಕಿಯಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಒಂದು ಕನ್ನಡ ಸಾಲು: ‘ಪ್ರಿನ್ಸಿಪಾಲರ ಕೂದಲ, ಸೋಮವಾರ ಕರೀದು, ಶನಿವಾರ ಕೆಂಪ.’

ಜಯಮಾಲಾ ಎರಡು ಸಲ ಓದಿದಳು. ಗುಮಾಸ್ತರ ಕರವಸ್ತ್ರ ನೆನಪಾಯಿತು. ಪ್ರಾಚಾರ್ಯರ ಕಣ್ಣ ಮುಂದೆಯೇ, ದೊಡ್ಡ ಪರದೆಯ ಹಿಂದೆಯೇ ಈ ಮಾತು ಕೂತಿತ್ತು. ಫಂಕ್ಷನ್ ಒಳಗಿನದು ಕಾಕಾನಿಗೆ ಕಾಣದು, ಹೊರಗೆ ಬರಲಾರದು ಎಂದು ಮೊದಲೇ ಅರಿತು, ಗುಮಾಸ್ತರಿಗಷ್ಟೇ ಹೇಳಿ, ರವಿಕಾಂತ ಅದನ್ನು ಮೆರವಣಿಗೆ ಮಾಡಿಸಿದ್ದರು. ಅವಳ ಮುಖ ನಿಧಾನವಾಗಿ ಬಹಳ ಬಹಳ ಗಂಭೀರವಾಯಿತು.

ಸ್ಟಾಫ್ ರೂಮಿನಲ್ಲಿ ರವಿಕಾಂತ ಕೇಳಿದರು, “ಏನ್ರೀ ಮ್ಯಾಡಂ, ಕಾಕಾ ಎದ್ದು ಕುಂತಾನೋ, ಇಲ್ಲಾ ಹೂವು ತರಸ್ಬೇಕೋ?”

“ನಿಮ್ಮ ಫೈಲ್ ಒಂದು ಭಾಳ ತ್ರಾಸ ಕೊಡ್ಲತ್ತದ್ರಿ, ಸರ್,” ಎಂದಳು ಜಯಮಾಲಾ. ಅದು ಸುಳ್ಳಲ್ಲ.

“ಕೊಡ್ಲಿ, ಕೊಡ್ಲಿ. ನಾಳಿ ಸರ್ ಮುಂದ ಅದನ್ನೇ ಹಾಕ್ಬೇಕ ಮತ್ತ. ನಾ ಈಗೇ ಹೋಗಿ ಹೇಳಿ ಬರ್ತೀನಿ.”

“ಬ್ಯಾಡ್ರಿ ಸರ್, ಮಕ್ಕಳವು ಸಾಕು.”

“ಹೆದರಿದ್ರ್ಯಾ?”

“ಹೂಂ ರೀ,” ಎಂದಳು. ಇದೂ ಪೂರ್ತಿ ಸುಳ್ಳಲ್ಲ. ಆ ಸಾಲು ಪರದೆಯ ಮೇಲೆ ಬಂದರೆ ರವಿಕಾಂತರ ಮಾನ ಹೋಗುತ್ತದೆ, ಸರಿ. ಆದರೆ ತನ್ನ ಕೂದಲಿನ ಸುದ್ದಿಯನ್ನು ಮಕ್ಕಳ ಮುಂದೆ ಓದಿಸಿಕೊಂಡ ಮನುಷ್ಯ ಬರೆದವನನ್ನಾದರೂ ಕ್ಷಮಿಸಿಯಾನು, ಓದಿ ಹೇಳಿದ ಯಂತ್ರವನ್ನು ಕ್ಷಮಿಸಲಾರ. ಅದರ ಜೊತೆ ಯಂತ್ರದ ಒಡತಿಯನ್ನೂ. ಮನೆಗೆ ಹೋಗುವ ಮೊದಲು ಅವಳು ಕಾಕಾನಿಗೆ ಇನ್ನೊಂದು ಸಾಲು ಬರೆದಳು, ಅಳಿಸಿದಳು. ಉಮರ್ಗಾದ ಬಸ್ ನಿಲ್ದಾಣದವರೆಗೆ ನಡೆದವಳು ತಿರುಗಿ ಬಂದು, ಮತ್ತೆ ಬರೆದಳು.

ಶನಿವಾರ ಲ್ಯಾಬು ತುಂಬಿತ್ತು. ಗುಮಾಸ್ತರು ಮುಂಚೆಯೇ ಬಂದು ಗೋಡೆಗೆ ಒರಗಿದ್ದರು, ಈ ಸಲ ಗ್ರಂಥಾಲಯದವರನ್ನೂ ಕರೆತಂದಿದ್ದರು. ಗುರುಶಾಂತರು ಮುಂದಿನ ಕುರ್ಚಿಯಲ್ಲಿ ಕುಳಿತರು. ಕಿಟಕಿಯ ಬಿಸಿಲು ಸರಿಯಾಗಿ ಅವರ ಕಿವಿಯ ಬಳಿಯ ಕೂದಲ ಮೇಲೆ ಬೀಳುತ್ತಿತ್ತು. ಶನಿವಾರದ ಕೆಂಪು ಚೆನ್ನಾಗಿಯೇ ಹೊಳೆಯುತ್ತಿತ್ತು. ಜಯಮಾಲಾ ಆ ಕಡೆ ನೋಡದಿರಲು ಕೀಲಿಮಣೆಯನ್ನೇ ನೋಡಿದಳು.

ಮನೀಷಾಳ ಹೆಸರು ಬಂತು. ಉತ್ತರ ಸರಿ, ಪೂರ್ತಿ ಅಂಕ. ಮನೀಷಾ ಬೆಂಚಿನ ಮೇಲೆ ಕುಣಿದಳು. ಮುಂದಿನವರದು ಸರಿ. ಅದರ ಮುಂದಿನವರದು ತಪ್ಪು, ಅವರು ತಲೆ ಕೆರೆದುಕೊಂಡರು. ಸಾಲು ಸಾಲಾಗಿ ಬಂದವು, ಒಂದೂ ನಲ್ ಇಲ್ಲ.

“ವಾಹ್,” ಎಂದರು ಗುರುಶಾಂತರು.

ಗೋಡೆಯ ಬಳಿ ರವಿಕಾಂತರ ಮುಖದಿಂದ ಬಣ್ಣ ಇಳಿಯತೊಡಗಿತು. ಒಂದು ವಾರದಲ್ಲಿ ಇಳಿಯಬೇಕಾದಷ್ಟು ಒಂದೇ ನಿಮಿಷದಲ್ಲಿ ಇಳಿಯಿತು.

“ಸರ್, ಆಯ್ತಲ್ರೀ,” ಎಂದರು ಮುಂದೆ ಬರುತ್ತ. “ಇನ್ನ ಯಾಕ, ನಿಮ್ಮ ಮೀಟಿಂಗ್ ಅದ. ಮ್ಯಾಡಂ ಭಾಳ ಛಲೋ ಮಾಡ್ಯಾರ.”

“ಮೀಟಿಂಗ್ ಇಲ್ಲ ಇವತ್ತ. ನಿಮ್ಮ ಫೈಲ್ ಹಾಕ್ಬೇಕಂತ ನಿನ್ನಿ ನೀವೇ ಹೇಳೀರಲ್ಲಾ? ಅದೇ ಖರೇ ಪರೀಕ್ಷಾ ಅಂದೀರಿ.”

“ಅದು ಹಳೀದ್ರಿ ಸರ್. ವೈರಸ್ ಇರ್ಬಹುದು.”

“ಅಯ್ಯ, ಇರ್ಲಿ ಬಿಡ್ರಿ ಸರ್, ಅವ್ರು ಒಲ್ಲೆ ಅಂದ್ರ,” ಎಂದಳು ಜಯಮಾಲಾ, ಇಡೀ ಮರಾಠವಾಡದ ಮರುಕವನ್ನು ಮುಖಕ್ಕೆ ತಂದುಕೊಂಡು.

“ಹಾಕ್ರಿ ಮ್ಯಾಡಂ,” ಎಂದರು ಗುರುಶಾಂತರು.

ಅವಳು ಒತ್ತಿದಳು. ರವಿಕಾಂತ ಕಣ್ಣು ಮುಚ್ಚಿದರು. ಗುಮಾಸ್ತರು ಕರವಸ್ತ್ರಕ್ಕಾಗಿ ಜೇಬು ತಡಕಾಡಿದರು.

ರವಿಕಾಂತ: ಉತ್ತರ ಬಂದಿದೆ. ಅಂಕಿಯಲ್ಲ, ಮಾತು. ತಪ್ಪು. ಅಂಕ ಸೊನ್ನೆ.

ಅಷ್ಟೇ. ಅವಳು ಬರೆದು ಅಳಿಸಿ ಬರೆದ ಸಾಲು ಅದು: ಅಂಕಿ ಬಂದರೆ ತೋರಿಸು, ಮಾತು ಬಂದರೆ ತೋರಿಸಬೇಡ.

ರವಿಕಾಂತ ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದನ್ನು.

“ಮಾತಾ?” ಎಂದರು ಗುರುಶಾಂತರು. “ಲೆಕ್ಕದಾಗ ಮಾತ ಯಾಕ ಬರ್ದೀರಿ? ಏನದ ಅದು, ಮ್ಯಾಡಂ?”

“ಅವ್ರ ಬಾಯಿಂದೇ ಕೇಳ್ರಿ ಸರ್,” ಎಂದಳು ಜಯಮಾಲಾ. “ಅವ್ರ ಮನಿ ಮಾತು, ಅವ್ರೇ ಹೇಳಿದ್ರ ಚಂದ.”

ಎಸಿಯ ತಂಪಿನಲ್ಲೂ ರವಿಕಾಂತರ ಹಣೆಯ ಮೇಲೆ ಬೆವರು ಸಾಲು ಕಟ್ಟಿತು.

“ಸರ್, ಅದೂ… ಅದ್ರಾಗ… ‘ಗುರುಶಾಂತ ಸರ್ ನಮ್ಮ ಕಾಲೇಜಿನ ಭೂಷಣ’ ಅಂತ ಬರ್ದೀನ್ರಿ.”

ಮನೀಷಾ ಮೊದಲು ಚಪ್ಪಾಳೆ ತಟ್ಟಿದಳು, ಆಮೇಲೆ ಎಲ್ಲರೂ. ಗ್ರಂಥಾಲಯದವರಿಗೆ ಕೆಮ್ಮು ಬಂತು. ಗುರುಶಾಂತರ ಮುಖ ಅರಳಿತು. ಅರಳಿದ್ದು ಅರ್ಧಕ್ಕೆ ನಿಂತಿತು. ಅವರು ಪರದೆಯನ್ನು ಇನ್ನೊಮ್ಮೆ ಓದಿದರು.

“ಹಂಗಾದ್ರ,” ಎಂದರು ನಿಧಾನವಾಗಿ, “ಅದು ತಪ್ಪು ಅಂತ ಯಾಕ ಬಂತು?”

ಈ ಪ್ರಶ್ನೆ ಬರುತ್ತದೆಂದು ಜಯಮಾಲಾ ಎಣಿಸಿರಲಿಲ್ಲ. ನಗು ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಏರಿ ಬಂತು. ಅವಳ ಮುಖ ಕಲ್ಲಿನ ನಂದಿಯಷ್ಟು ಗಂಭೀರವಾಯಿತು.

“ಸರ್, ಅದು ಅಂಕಿ ಒಂದೇ ನಂಬ್ತದ್ರಿ. ಹೊಗಳಿಕಿ ನಂಬಂಗಿಲ್ಲ. ಹೊಗಳಿ ಅಂಕ ತಗೋತೀನಿ ಅಂದ್ರ ಸೊನ್ನಿ ಕೊಡ್ತದ, ಅವ್ರು ಯಾರೇ ಇರ್ಲಿ.”

ಗುರುಶಾಂತರು ಗುಮಾಸ್ತರ ಕಡೆ, ರವಿಕಾಂತರ ಕಡೆ ನೋಡಿದರು. ತಮ್ಮ ಸುತ್ತ ದಿನವೂ ನಡೆಯುವ ಹೊಗಳಿಕೆ ಅವರಿಗೆ ನೆನಪಾಗಿರಬೇಕು. ಆಮೇಲೆ ತೊಡೆ ತಟ್ಟಿ ನಕ್ಕರು.

“ಇಂಥದ್ದೇ ಬೇಕು ನಮಗ! ಮ್ಯಾಡಂ, ಈ ಅಂಕನೇ ಹಿಡೀರಿ. ಜಾವಾ ನಿಮ್ಮ ಹತ್ರಾನೇ ಇರ್ಲಿ. ರವಿಕಾಂತ, ನಿಮಗ ಸೊನ್ನಿ ಬಂದದ, ಒಪ್ಪಿದ್ರ್ಯಾ?”

“ಒಪ್ಪಿದೆ ಸರ್,” ಎಂದರು ರವಿಕಾಂತ. ಅಷ್ಟು ಮನಸ್ಸಾರೆ ಸೊನ್ನೆಯನ್ನು ಒಪ್ಪಿಕೊಂಡವರನ್ನು ಆ ಕಾಲೇಜು ಕಂಡಿರಲಿಲ್ಲ. ಹೊರಗೆ ಹೋಗುವಾಗ ಅವರು ಜಯಮಾಲಾಳ ಮೇಜಿನ ಬಳಿ ಒಂದು ಗಳಿಗೆ ನಿಂತರು. ಅವಳೇ ಅವರ ಪೆನ್‌ಡ್ರೈವ್ ಕಿತ್ತು ಕೈಗೆ ಕೊಟ್ಟಳು. “ಅಂಗಳದಾಗ ಬಿಡಬ್ಯಾಡ್ರಿ, ಸರ್,” ಎಂದಳು.

ಸಂಜೆ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ಜರಡಿ ಹಿಡಿಯುತ್ತ ಕಸ್ತೂರಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಜಾವಾ ಎಂದರೇನೆಂದು ಅವಳಿಗೆ ಬೇಕಿರಲಿಲ್ಲ. ಸೊಸೆಯ ಬಸ್ಸು ಉಳಿಯಿತೆಂಬುದು ತಿಳಿಯಿತು, ಅಷ್ಟು ಸಾಕಾಗಿತ್ತು. ಬೇಕಾದದ್ದು ಬೇರೆ.

“ಖರೇನ ಏನ ಬರ್ದಿದ್ನ ಅಂವಾ?”

“ಹ್ಯಾಂಗ ಹೇಳ್ಲಿ ಅತ್ಯಾ? ದೊಡ್ಡವರ ಮಾತು.”

“ನನ್ನ ಫೋನಿನಾಗ ಸತ್ತಂಗ ಕುಂತಿದ್ದಿ ಅಲ್ಲಾ ಮೊನ್ನಿ. ಈಗ ನೀನೂ ಒಡಪು ಹಾಕಿ ಹೇಳು.”

ಜಯಮಾಲಾ ಸೆರಗು ಸರಿ ಮಾಡಿಕೊಂಡಳು, ಗಂಟಲು ಸರಿ ಮಾಡಿಕೊಂಡಳು. ದನಿ ಬಾಗಿಲು ದಾಟದ ಹಾಗೆ ರಾಗ ಎಳೆದಳು:

“ಆದಿತವಾರ ಕಾಡಿಗಿ, ಶನಿವಾರ ಕಾವಿ,
ತಲಿ ಮ್ಯಾಲ ತೋಡ್ಯಾರ ಗುರುಶಾಂತ ಸರು ಬಣ್ಣದ ಬಾವಿ.”

ಕಸ್ತೂರಬಾಯಿ ನಕ್ಕ ರಭಸಕ್ಕೆ ಹಿಟ್ಟು ಹಾರಿ ಇಬ್ಬರ ಕೂದಲ ಮೇಲೂ ಕೂತಿತು. ಅದನ್ನು ನೋಡಿ ಮತ್ತೆ ನಕ್ಕರು. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ ಕುಳಿತಿದ್ದ ವೀರಭದ್ರಪ್ಪ ತಲೆ ಎತ್ತಿ ಕೂಗಿದ, “ಏ, ಏನಾತ ಒಳಗ?”

ಅತ್ತೆ ಸೊಸೆಯನ್ನು ನೋಡಿದಳು, ಸೊಸೆ ಅತ್ತೆಯನ್ನು ನೋಡಿದಳು. ಇಬ್ಬರ ಮುಖವೂ ಗಂಭೀರವಾಯಿತು.

“ಏನಿಲ್ರೀ,” ಎಂದರು ಒಟ್ಟಿಗೆ.